ಹಳೆ ಸೋಲಾರ್ ಟ್ಯಾಂಕಿಗೆ ಹೀಟರ್ ಕಾಯಿಲ್ ಹಾಕಿಸುವ ಮೊದಲು

ಅಣ್ಣ, ನಿಮ್ಮ 200 ಲೀಟರಿನ ಹಳೆ ಸೋಲಾರ್ ಟ್ಯಾಂಕಿಗೆ ಕರೆಂಟಿನ ಕಾಯಿಲ್ ಹಾಕಿಸಬಹುದಾ ಎಂದು ಕೇಳಿದ್ದೀರಿ. ಶಿರಸಿ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ನಿಮ್ಮ ಕಷ್ಟ ಗೊತ್ತಾಗುತ್ತದೆ. ಹಾಕಿಸಬಹುದು, ಆದರೆ ಟ್ಯಾಂಕಿನಲ್ಲಿ ಅದಕ್ಕೆ ಜಾಗ ಬಿಟ್ಟಿದ್ದರೆ ಮಾತ್ರ.

ಟ್ಯಾಂಕಿನ ತುದಿಯ ಮುಚ್ಚಳ ಬಿಚ್ಚಿ ನೋಡಿ. ಎಷ್ಟೋ ಟ್ಯಾಂಕುಗಳಲ್ಲಿ ಪ್ಲಗ್ ಹಾಕಿ ಮುಚ್ಚಿದ ತೂತು ಇರುತ್ತದೆ. ಇಲ್ಲದಿದ್ದರೆ ದಯವಿಟ್ಟು ಡ್ರಿಲ್ ಮಾಡಿಸಬೇಡಿ. ಒಳಗೆ ಗ್ಲಾಸ್ ಲೈನಿಂಗ್ (ಗಾಜಿನ ಲೇಪ) ಇದ್ದರೆ ಅದು ಒಡೆದು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ.

ತೂತು ಇದ್ದರೆ ಅದು ಯಾವ ಎತ್ತರದಲ್ಲಿದೆ ನೋಡಿ. ಎಲ್ಲಕ್ಕಿಂತ ಮುಖ್ಯ ಇದೇ. ಬಿಸಿ ನೀರು ಮೇಲಕ್ಕೇರುತ್ತದೆ, ಹಾಗಾಗಿ ಕಾಯಿಲ್ ತನ್ನ ಮೇಲಿನ ನೀರನ್ನಷ್ಟೇ ಚೆನ್ನಾಗಿ ಕಾಯಿಸುತ್ತದೆ. ತಳದಲ್ಲಿದ್ದರೆ 200 ಲೀಟರೂ ಕಾಯಬೇಕು. 20 ಡಿಗ್ರಿಯಿಂದ 55ಕ್ಕೆ ಏರಿಸಲು ಸುಮಾರು 8 ಯೂನಿಟ್, 2000 ವ್ಯಾಟ್ ಕಾಯಿಲ್‌ಗೆ 4 ಗಂಟೆ. ನಡುವಿನಲ್ಲಿದ್ದರೆ ಇದೆಲ್ಲ ಅರ್ಧಕ್ಕೆ ಇಳಿಯುತ್ತದೆ. 55 ಡಿಗ್ರಿಯ 100 ಲೀಟರಿಗೆ ತಣ್ಣೀರು ಬೆರೆಸಿದರೆ ನಾಲ್ಕು ಜನರ ಸ್ನಾನಕ್ಕೆ ಸಾಕು, ಅಲ್ವಾ? ತಳದಲ್ಲಿ ಮಾತ್ರ ಜಾಗ ಇದ್ದರೆ, ನನ್ನ ಪ್ರಕಾರ ಬಚ್ಚಲಿಗೆ ಒಂದು ಸಣ್ಣ ಗೀಸರ್ ಹಾಕಿಸುವುದೇ ಮೇಲು.

ನಿಮ್ಮ ಕಡೆ ಮಳೆಗಾಲದಲ್ಲಿ ವೋಲ್ಟೇಜ್ ಕೂಡ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ 2000 ವ್ಯಾಟಿನ ಕಾಯಿಲ್ ಸುಮಾರು 1200 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಕಾಯಿಲ್ ಕೆಟ್ಟಿದೆ ಎಂದು ಸುಮ್ನೆ ಬಿಚ್ಚಬೇಡಿ.

ಹಳೆ ಪ್ಲಗ್ಗನ್ನೇ ಅಂಗಡಿಗೆ ಒಯ್ದು ಥ್ರೆಡ್ ಹೊಂದಿಸಿ ತನ್ನಿ. ಬೋರ್ ನೀರಾದರೆ ತಾಮ್ರದ್ದಕ್ಕಿಂತ ಇಂಕಲಾಯ್ (ಬೇಗ ತುಕ್ಕು ಹಿಡಿಯದ ನಿಕಲ್ ಮಿಶ್ರಲೋಹ) ಕಾಯಿಲ್ ಒಳ್ಳೆಯದು. ವಾಷರ್ ಹೊಸದೇ ಹಾಕಿ. ಥರ್ಮೋಸ್ಟ್ಯಾಟ್, ಅಂದರೆ ನೀರು ಕಾದ ಮೇಲೆ ತಾನೇ ಕರೆಂಟ್ ಕಡಿಯುವ ಸಾಧನ, 60 ಡಿಗ್ರಿ ದಾಟದಿರಲಿ, ಅದಕ್ಕಿಂತ ಮೇಲೆ ಸುಣ್ಣ ಬೇಗ ಕಟ್ಟುತ್ತದೆ. ಬಕೆಟ್ಟಿಗೆ ಹಾಕುವ ರಾಡನ್ನು ಮಾತ್ರ ಟ್ಯಾಂಕಿಗೆ ಇಳಿಬಿಡಬೇಡಿ. ಅದಕ್ಕೆ ಥರ್ಮೋಸ್ಟ್ಯಾಟೇ ಇರುವುದಿಲ್ಲ.

ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. 2000 ವ್ಯಾಟ್ ಅಂದರೆ ಹತ್ತಿರ ಹತ್ತಿರ 9 ಆಂಪ್ಸ್, 6 ಆಂಪ್ಸ್ ಸಾಕೆಟ್ ತಡೆಯುವುದಿಲ್ಲ. 2.5 ಚದರ ಎಂಎಂ ತಾಮ್ರದ ವೈರ್, 16 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಜೊತೆಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲೇಬೇಕು. ಟ್ಯಾಂಕಿನ ಬಾಡಿಗೂ ಅರ್ತಿಂಗ್ ಕೊಡಿಸಿ. ಒದ್ದೆ ಮೈಯಲ್ಲಿ ನಲ್ಲಿ ಮುಟ್ಟುವವರು ಮನೆಯವರು, ಇಲ್ಲಿ ದುಡ್ಡು ಉಳಿಸಬೇಡಿ. ಟ್ಯಾಂಕಿನ ಮೇಲಿನ ಗಾಳಿ ಪೈಪು ಮುಚ್ಚಿದೆಯಾ ಎಂದೂ ಒಮ್ಮೆ ನೋಡಿಸಿ. ಅದು ಯಾವಾಗಲೂ ತೆರೆದೇ ಇರಬೇಕು.

ರಾತ್ರಿಯಿಡೀ ಆನ್ ಇಟ್ಟರೆ ನಷ್ಟ. ಬೆಳಿಗ್ಗೆ ಟ್ಯಾಂಕ್ ಬಿಸಿಯಾಗೇ ಇದ್ದರೆ ಅಪ್ಪಿತಪ್ಪಿ ಬಂದ ಬಿಸಿಲಿಗೂ ಕೆಲಸ ಇರುವುದಿಲ್ಲ. ಬೆಳಗಿನ ಜಾವ ಹಾಕಿ, ಸ್ನಾನಕ್ಕೆ ಮೊದಲು ಆರಿಸಿ. ಟೈಮರ್ ಇದ್ದರೆ ಇನ್ನೂ ಸಲೀಸು. ಮೊದಲ ಸಲ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಪೂರ್ತಿ ಬರುವವರೆಗೆ ಸ್ವಿಚ್ ಮುಟ್ಟಬೇಡಿ, ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಬೇಗ ಸುಟ್ಟು ಹೋಗುತ್ತದೆ.

ಬಚ್ಚಲ ಒಲೆಯ ಹಂಡೆ ಇನ್ನೂ ಇದ್ದರೆ ತೆಗೆಸಬೇಡಿ. ಅಡಿಕೆ ಸಿಪ್ಪೆ ಮನೆಯಲ್ಲೇ ಇದೆಯಲ್ಲ, ಕರೆಂಟ್ ಹೋದ ದಿನ ಅದೇ ಗತಿ. ಮುಚ್ಚಳ ಬಿಚ್ಚಿದಾಗ ಒಂದು ಫೋಟೋ ಹಾಕಿ, ತೂತು ಎಲ್ಲಿದೆ ನೋಡಿ ಹೇಳುತ್ತೇನೆ.