ಹಿರೇಬೆಣಕಲ್ ಗುಡ್ಡದ ಗವಿಯಲ್ಲಿ ರಾತ್ರಿ ಉಳಿದು ನಕ್ಷತ್ರ ನೋಡಬಹುದೇ?

ಫೆಬ್ರವರಿ ಅಮಾವಾಸ್ಯೆಗೆ ಬಂದು ಗವಿಯಲ್ಲೇ ಮಲಗಬಹುದೇ ಎಂದು ಕೇಳಿದ್ದೀರಿ. ತಿಂಗಳು ಸರಿಯಾಗಿದೆ, ಮಲಗುವ ಜಾಗ ಬದಲಿಸಿ.

ಹಿರೇಬೆಣಕಲ್ ಇರುವ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಗವಿಗಳು ಸುಣ್ಣಕಲ್ಲಿನವಲ್ಲ. ಗ್ರಾನೈಟಿನ ಬಿರುಕಿಗೆ ನೀರಿಳಿದು ಕಲ್ಲು ಸವೆದು ಮಣ್ಣಾಗಿ, ಆ ಮಣ್ಣೂ ಕೊಚ್ಚಿಹೋದ ಮೇಲೆ ಉಳಿದ ಗುಂಡುಗಳು ಒಂದಕ್ಕೊಂದು ಒರಗಿ ಆದ ಸಂದುಗಳು. ಕರಡಿ ಹಗಲು ಮಲಗುವುದು, ಚಳಿಗಾಲದಲ್ಲಿ ಮರಿ ಸಾಕುವುದು ಇಂಥಲ್ಲೇ. ಹಗಲಾದರೆ ಭಯವಿಲ್ಲ ಎಂಬ ಲೆಕ್ಕ ಇಲ್ಲಿ ತಪ್ಪು: ರಾತ್ರಿ ಮೇಯಲು ಹೋದದ್ದು ಬೆಳಗಾದರೆ ಒಳಗಿರುತ್ತದೆ. ಎರಡೂ ಕಡೆ ಬೆಳಕು ಕಾಣುವ, ನಿಂತು ನಡೆಯುವಷ್ಟು ಎತ್ತರದ ಕಲ್ಲಾಸರೆಗಳನ್ನಷ್ಟೇ (ಬಂಡೆಯಡಿಯ ತೆರೆದ ಆಸರೆಗಳು) ನೋಡಿ. ತೆವಳಿ ಹೋಗಬೇಕಾದದ್ದನ್ನು ಬಿಟ್ಟುಬಿಡಿ. ಘಾಟು ವಾಸನೆ, ಉದ್ದನೆಯ ಕಪ್ಪು ಕೂದಲು, ಬೀಜ ಮತ್ತು ಗೆದ್ದಲು ಕಾಣುವ ಮಲ ಸಿಕ್ಕರೆ ಅಲ್ಲಿಂದಲೇ ಹಿಂದಿರುಗಿ. ಬಂಡೆಯ ಚಾಚಿನಡಿ ಹೆಜ್ಜೇನು ಇದ್ದರೆ ಹೊಗೆ, ಸೆಂಟು, ಗದ್ದಲ ಯಾವುದೂ ಬೇಡ. ಊರಿನ ಕುರಿಗಾಹಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಯಾವ ಸಂದಿನಲ್ಲಿ ಏನಿದೆ ಎಂದು ಅವರಿಗೇ ಗೊತ್ತಿರುತ್ತದೆ.

ಕಲ್ಲಾಸರೆಗಳಲ್ಲಿ ಪ್ರಾಚೀನರು ಬರೆದ ಕೆಂಪು ಚಿತ್ರಗಳು ಎದ್ದು ಕಾಣಲೆಂದು ನೀರೆರಚುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ನೀರು ಒಣಗುವಾಗ ಕಲ್ಲಿನ ಲವಣ ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆ.

ಗುಡ್ಡದ ಮೇಲಿನ ಸುಮಾರು 400 ಶಿಲಾಗೋರಿಗಳ (ದೊಡ್ಡ ಕಲ್ಲುಗಳಿಂದ ಕಟ್ಟಿದ ಪ್ರಾಚೀನ ಗೋರಿಗಳು) ಜಾಗ ಸಂರಕ್ಷಿತ ಸ್ಮಾರಕ, ಅಲ್ಲಿ ಟೆಂಟ್ ಹಾಕುವಂತಿಲ್ಲ. ಒಬ್ಬೊಬ್ಬರೂ 3 ಲೀಟರ್ ನೀರು ಹೊತ್ತು ಬೆಳಿಗ್ಗೆ ಹತ್ತಿ, ಸಂಜೆ 4ಕ್ಕೇ ಇಳಿಯಲು ಶುರುಮಾಡಿ. ಕೆಳಗೆ ಮಾಲೀಕರನ್ನು ಕೇಳಿ ಖುಷ್ಕಿ ಹೊಲದಲ್ಲಿ, ಗುಡ್ಡದ ಬುಡದಿಂದ ದೂರ ಟೆಂಟ್ ಹಾಕಿ. ಭತ್ತದ ಗದ್ದೆ ಪಕ್ಕ ಸೊಳ್ಳೆಯೂ ಹೆಚ್ಚು, ಇಬ್ಬನಿಯೂ ಹೆಚ್ಚು. ಹೊಲದಲ್ಲಿ ಸಿಕ್ಕ ಜಾಗ ಬರೀ ಬಂಡೆಯಾದರೆ ಗೂಟ ಇಳಿಯುವುದಿಲ್ಲ. ಹಗ್ಗವನ್ನು ತಲೆಗಾತ್ರದ ಕಲ್ಲಿಗೆ ಸುತ್ತಿ, ಅದರ ಮೇಲೆ ಇನ್ನೊಂದು ಕಲ್ಲು ಹೇರಬೇಕು.

ಈಗ ಆಕಾಶ. ಪೂರ್ವಕ್ಕೆ ಗಂಗಾವತಿ, ದಕ್ಷಿಣಕ್ಕೆ ಹೊಸಪೇಟೆಯ ಬೆಳಕು ದಿಗಂತದಲ್ಲಿ ಮಬ್ಬಾಗಿ ಹಬ್ಬಿರುತ್ತದೆ. ಅಗಸ್ತ್ಯ (ಕ್ಯಾನೋಪಸ್) ನಕ್ಷತ್ರಕ್ಕೆ ಅದರಿಂದ ತೊಂದರೆಯಿಲ್ಲ: ಫೆಬ್ರವರಿ ಮಧ್ಯದಲ್ಲಿ ರಾತ್ರಿ 9ರ ಸುಮಾರಿಗೆ ನೇರ ದಕ್ಷಿಣಕ್ಕೆ 22 ಡಿಗ್ರಿ ಎತ್ತರ, ಅಂದರೆ ಚಾಚಿದ ಕೈಯ ಎರಡು ಮುಷ್ಟಿಗಿಂತ ತುಸು ಮೇಲೆ. ಬೆಳಗಿನ ಜಾವ 3ರ ಆಸುಪಾಸಿಗೆ ತ್ರಿಶಂಕು (ಸದರ್ನ್ ಕ್ರಾಸ್ ನಕ್ಷತ್ರಪುಂಜ) ಅದೇ ದಿಕ್ಕಿನಲ್ಲಿ, ಬಹಳ ತಗ್ಗಿನಲ್ಲಿ. ನನ್ನ ಮಟ್ಟಿಗೆ ಆ ರಾತ್ರಿಯ ಮುಖ್ಯ ಗಳಿಗೆ 4:30ರಿಂದ 5:30. ಆಗ್ನೇಯದಲ್ಲಿ ವೃಶ್ಚಿಕ ಮತ್ತು ಧನು ರಾಶಿಗಳ ನಡುವೆ ಆಕಾಶಗಂಗೆಯ ದಟ್ಟ ಭಾಗ ಮೇಲೇರಿರುತ್ತದೆ. ದೂರದರ್ಶಕವೇ ಬೇಕಿಲ್ಲ, 10×50 (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಅಗಲದ ಮಸೂರದ) ಬೈನಾಕ್ಯುಲರ್ ಸಾಕು. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಒಮ್ಮೆ ಮೊಬೈಲ್ ಬೆಳಗಿದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಪದರ ಸುತ್ತಿ. ಆದರೆ ನಡೆದಾಡುವಾಗ ಮಾತ್ರ ಬಿಳಿ ಟಾರ್ಚೇ ಹಿಡಿಯಿರಿ, ಕೆಂಪು ಬೆಳಕಿನಲ್ಲಿ ಹಾವು ಸುಲಭಕ್ಕೆ ಕಾಣುವುದಿಲ್ಲ. ಶೂ ಟೆಂಟಿನೊಳಗೇ ಇಡಿ, ಹಾಕುವ ಮುಂಚೆ ಚೇಳಿಗಾಗಿ ಕೊಡವಿ.