ಪಿಎಸ್‌ಎ 7.1 ಅಂತ ಬಂದ ಮೇಲೆ

ಶಂಕರಣ್ಣನಿಗೆ 62 ವರ್ಷ. ಬದಿಯಡ್ಕದ ಕಡೆಯ ಅಡಿಕೆ ಕೃಷಿಕರು. ಗುರುತು ಸಿಗದ ಹಾಗೆ ಹೆಸರು, ವಿವರ ಬದಲಿಸಿದ್ದೇನೆ. ಕರಕೊಂಡು ಬಂದವರು ಅವರ ಹೆಂಡತಿ. "ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ. ಕೇಳಿದ್ರೆ ಏನಿಲ್ಲ ಅಂತಾರೆ ಮೇಡಂ."

ಹೆಂಡತಿ ಹೊರಗೆ ಕೂತ ಮೇಲೆ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ಹೊರಬಂತು. ಗಲ್ಫಿನಲ್ಲಿರುವ ಮಗ ಮಂಗಳೂರಿನಲ್ಲಿ ಫುಲ್ ಬಾಡಿ ಚೆಕಪ್ ಬುಕ್ ಮಾಡಿಸಿದ್ದ. ಶುಗರ್, ಕೊಲೆಸ್ಟ್ರಾಲ್ ಎಲ್ಲ ಸರಿ. ದಪ್ಪ ಅಕ್ಷರದಲ್ಲಿ ಇದ್ದದ್ದು ಒಂದೇ ಸಾಲು: ಪಿಎಸ್‌ಎ 7.1. ಪಕ್ಕದಲ್ಲಿ, 4ರ ಒಳಗಿರಬೇಕು ಅಂತ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್ ಇದು.

"ಅಣ್ಣನಿಗೂ ಇದೇ ಪ್ರಾಸ್ಟೇಟ್ ಕ್ಯಾನ್ಸರ್" ಎಂದರು. ಅಣ್ಣ ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಂಡೇ ದಿನ ದೂಡಿದ್ದರಂತೆ. ಗೊತ್ತಾಗುವಾಗ ಎಲುಬಿಗೆ ಹರಡಿತ್ತು. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಆಪರೇಷನ್ ಮಾಡಿದರೆ ಮೂತ್ರ ಸೋರುತ್ತದೆ, ಸಂಸಾರ ಮಾಡಲಿಕ್ಕಾಗುವುದಿಲ್ಲ ಅಂತ ಯಾರೋ ಹೇಳಿದ್ದರು. ಹೆಂಡತಿಯ ಹತ್ತಿರ ಬಾಯಿ ಬಿಡದೆ ಇದ್ದದ್ದು ಅದಕ್ಕೇ.

ಟೆಸ್ಟಿಗೆ ಮೊದಲು ಜ್ವರ, ಉರಿಮೂತ್ರ ಇತ್ತಾ ಅಂತ ಕೇಳಿದೆ. ಇತ್ತು. ವಾರದ ಹಿಂದಷ್ಟೇ ಮಾತ್ರೆ ಮುಗಿದಿತ್ತು. ರಕ್ತ ತೆಗೆಯುವಾಗ ಇದನ್ನು ಒಬ್ಬರೂ ಕೇಳಿರಲಿಲ್ಲ. ನನಗೆ ಬೇಸರವಾಗುವುದು ಇಲ್ಲೇ. ಸರಕಾರದ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಮಾತ್ರ. ನಮ್ಮ ಗಂಡಸರಿಗೆ ಪಿಎಸ್‌ಎ ಬರುವುದು ಹೆಚ್ಚಾಗಿ ಪ್ಯಾಕೇಜಿನ ಜೊತೆಗೆ. ಮೊದಲು ಒಂದು ಮಾತುಕತೆ ಇಲ್ಲ, ಆಮೇಲೂ ಇಲ್ಲ. ರಾತ್ರಿ ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋಗುವವರು ನಾಚಿಕೆಯಿಂದ ಸುಮ್ಮನಿರುತ್ತಾರೆ. ಯಾವ ತೊಂದರೆಯೂ ಇಲ್ಲದ 80ರ ಅಜ್ಜನಿಗೆ ಮಕ್ಕಳು ಟೆಸ್ಟ್ ಮಾಡಿಸುತ್ತಾರೆ.

ಶಂಕರಣ್ಣನಿಗೆ ನಾನು ಹೇಳಿದ್ದು ಇಷ್ಟು. ಪಿಎಸ್‌ಎ ಜಾಸ್ತಿ ಅಂದರೆ ಕ್ಯಾನ್ಸರ್ ಅಂತ ಅಲ್ಲ. ಜಾಸ್ತಿ ಬಂದ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ. ಸೋಂಕು ಆದರೂ ಏರುತ್ತದೆ, ವಯಸ್ಸಿಗೆ ಗ್ರಂಥಿ ದಪ್ಪವಾದರೂ ಏರುತ್ತದೆ. ಸೋಂಕು ವಾಸಿಯಾಗಿ ಆರು ವಾರ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿ. ಆದರೆ ಬಿಟ್ಟುಬಿಡಬೇಡಿ. ಅಣ್ಣನಿಗೆ ಬಂದಿದ್ದರೆ ತಮ್ಮನಿಗೆ ಅಪಾಯ ಸುಮಾರು ಎರಡು ಪಟ್ಟು. ಯುರಾಲಜಿ (ಮೂತ್ರಾಂಗದ) ಡಾಕ್ಟರ ಹತ್ತಿರ ಅಣ್ಣನ ವಿಷಯ ಮೊದಲು ಹೇಳಿ. ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ನೋಡುವುದಕ್ಕೆ) ಮೊದಲು ಎಂಆರ್‌ಐ ಮಾಡಬಹುದಾ ಅಂತ ಕೇಳಿ.

"ಇದ್ದರೆ?" ಎಂದರು. ಗ್ರಂಥಿಯ ಒಳಗೇ ಇದ್ದರೆ ಕೂಡಲೇ ಕೊಯ್ಯಬೇಕೆಂದಿಲ್ಲ. 2023ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನದ ವಿಷಯ ಹೇಳಿದೆ. ಅಂಥವರಲ್ಲಿ ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಉಳಿದವರಿಗೆ ಮೊದಲಿಗೆ ಬರೀ ನಿಗಾ. 15 ವರ್ಷದ ಮೇಲೆ ನೋಡಿದರೆ ಈ ಕಾಯಿಲೆಯಿಂದ ತೀರಿದವರು ಮೂರು ಗುಂಪಿನಲ್ಲೂ ನೂರಕ್ಕೆ ಮೂವರ ಹತ್ತಿರ. ಮೂತ್ರ ಸೋರುವ, ಸಂಸಾರದ ತೊಂದರೆ ಕೆಲವರಿಗೆ ಬರುವುದು ನಿಜ, ಅದನ್ನು ಮುಚ್ಚಿಡಲಿಲ್ಲ. ಡಾಕ್ಟರ ಹತ್ತಿರ ನೇರವಾಗಿ ಕೇಳುವ ವಿಷಯ ಅದು.

ಆಮೇಲೆ ಅವರ ಒಪ್ಪಿಗೆ ಪಡೆದು ಹೆಂಡತಿಯನ್ನು ಒಳಗೆ ಕರೆದೆ. ಕಾಗದ ಓದಿ ಅವರು ಕೇಳಿದ್ದು, "ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಾ?"

ಜೊತೆಯಲ್ಲಿ ಬಂದಿದ್ದ ನೆರೆಮನೆಯವರು ತನ್ನ 76ರ ತಂದೆಗೂ ಮಾಡಿಸಬೇಕಾ ಅಂದರು. ತೊಂದರೆ ಏನೂ ಇಲ್ಲದಿದ್ದರೆ ಬೇಡ ಅಂದೆ. ಅಮೆರಿಕದ 2018ರ ಸಲಹೆಯೂ ಹಾಗೇ ಇದೆ: 55ರಿಂದ 69ರವರು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಲಿ, 70 ದಾಟಿದವರಿಗೆ ಈ ತಪಾಸಣೆ ಬೇಡ.

ಎರಡನೇ ಸಲ ಶಂಕರಣ್ಣನ ಪಿಎಸ್‌ಎ 4.6. ಡಾಕ್ಟರು ಎಂಆರ್‌ಐಗೆ ಬರೆದಿದ್ದಾರೆ, ಗಂಡಹೆಂಡತಿ ಒಟ್ಟಿಗೆ ಹೋಗುತ್ತಾರೆ. ಅಣ್ಣನ ದೊಡ್ಡ ಮಗನಿಗೆ 45 ತುಂಬಿದೆ. ಅವನೂ ಡಾಕ್ಟರ ಹತ್ತಿರ ಮಾತಾಡಬೇಕು. ಫೋನ್ ಮಾಡಿ ಹೇಳುವ ಕೆಲಸ ಶಂಕರಣ್ಣನಿಗೇ ಕೊಟ್ಟಿದ್ದೇನೆ.