ಐದು ದಿನದ ಮಗುವಿಗೆ ಬಿಲಿರುಬಿನ್ 16: ಬಿಸಿಲು ಸಾಕಾ, ಲೈಟಿಗೆ ಇಡಬೇಕಾ?

ನಮ್ಮ ಐದು ದಿನದ ಮಗುವಿಗೆ ಹಳದಿ (ಕಾಮಾಲೆ) ಆಗಿದೆ, ಮೈಗೆ ಹಳದಿ ಬಣ್ಣ ತರುವ ಬಿಲಿರುಬಿನ್ ರಕ್ತದಲ್ಲಿ 16 ಇದೆ, ಮನೆಯವರು ಎಳೆಬಿಸಿಲಿಗೆ ಹಿಡಿದರೆ ಸಾಕು ಅಂತಾರೆ, ಡಾಕ್ಟರು ಆಸ್ಪತ್ರೆಯ ನೀಲಿ ಲೈಟಿಗೆ ಇಡೋಣ ಅಂತಾರೆ, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ಡಾಕ್ಟರ ಮಾತು ಕೇಳಿ. ಇವತ್ತೇ ಹೋಗಿ.

ನಾನು ಶಿರಾದವಳು. ಬಾಣಂತಿ ಕೋಣೆಗೆ ಗಾಳಿ ಬರಬಾರದು ಅಂತ ನಮ್ಮಲ್ಲಿ ಕಿಟಕಿ ಮುಚ್ಚಿಡುತ್ತಾರೆ ಅಲ್ವಾ? ಆ ಮಬ್ಬಿನಲ್ಲಿ ನನ್ನ ಮಗಳು ಹಳದಿ ಆಗಿದ್ದು ಗೊತ್ತೇ ಆಗಲಿಲ್ಲ. ನಾಲ್ಕನೇ ದಿನ ಅಮ್ಮ ಮಗುವನ್ನು ಪಡಸಾಲೆಗೆ ತಂದಾಗ ನೋಡಿದರೆ ಅಂಗಾಲೂ ಹಳದಿ. ಹಾಲಿಗೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಕಾರು ಮಾಡಿಕೊಂಡು ತುಮಕೂರಿಗೆ ಓಡಿದೆವು.

ಹಳೆಯ ರಕ್ತಕಣ ಒಡೆದಾಗ ಬಿಲಿರುಬಿನ್ ಬರುತ್ತದೆ. ಅದನ್ನು ಹೊರಹಾಕುವುದು ಲಿವರ್ ಕೆಲಸ. ಹಸುಗೂಸಿಗೆ ರಕ್ತಕಣ ಜಾಸ್ತಿ, ಬೇಗ ಒಡೆಯುತ್ತವೆ, ಲಿವರ್ ಇನ್ನೂ ಪಳಗಿರುವುದಿಲ್ಲ. ಅದಕ್ಕೇ ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ನೂರಕ್ಕೆ ಸುಮಾರು 60 ಮಕ್ಕಳಿಗೆ ಹಳದಿ ಕಾಣುತ್ತದೆ. ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ. ಮಿತಿ ಮೀರಿದರೆ ಮಾತ್ರ ಮಿದುಳಿಗೆ ಏಟು. ಕಿವಿಯೇ ಕೇಳಿಸದೆ ಹೋಗಬಹುದು. ಆಮೇಲೆ ಸರಿಮಾಡಲು ಆಗುವುದಿಲ್ಲ.

ಆ ಮಿತಿ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಹುಟ್ಟಿ ಎಷ್ಟು ಗಂಟೆ ಆಯ್ತು, ಎಷ್ಟು ವಾರಕ್ಕೆ ಹುಟ್ಟಿತು, ತಾಯಿ ಮಗುವಿನ ಬ್ಲಡ್ ಗ್ರೂಪ್ ಏನು, ಇದೆಲ್ಲ ನೋಡಬೇಕು. ತುಂಬಿದ ತಿಂಗಳ ಮಗುವಿಗೆ ಐದನೇ ದಿನ 16 ಇರುವುದು ಬೇರೆ, ಮೊದಲ ದಿನವೇ 16 ಇರುವುದು ಬೇರೆ. ಹಾಗಾಗಿ ಪಕ್ಕದ ಮನೆ ಮಗುವಿಗೆ 18 ಇದ್ದರೂ ಏನೂ ಆಗಲಿಲ್ಲ ಅನ್ನುವ ಮಾತು ನಂಬಬೇಡಿ.

ಬಿಸಿಲಿನ ಮಾತು ಸುಮ್ನೆ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಅನ್ನುವ ನರ್ಸ್ ಕೂಸುಗಳನ್ನು ಬಿಸಿಲಿಗೆ ತರುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಇಳಿದು, ಬಟ್ಟೆ ಮುಚ್ಚಿದ ಕಡೆ ಹಾಗೇ ಉಳಿದಿತ್ತು. ಲೈಟಿನ ಚಿಕಿತ್ಸೆ ಶುರುವಾಗಿದ್ದೇ ಅಲ್ಲಿಂದ. ಆದರೆ ಬಿಸಿಲಿಗೆ ಅಳತೆ ಇಲ್ಲ, ರಾತ್ರಿ ಸಿಗುವುದೂ ಇಲ್ಲ. ಬರೀ ಮೈಯಲ್ಲಿ ಜಾಸ್ತಿ ಹೊತ್ತು ಹಿಡಿದರೆ ಎಳೆ ಚರ್ಮ ಸುಡುತ್ತದೆ. ಆಸ್ಪತ್ರೆಯ ನೀಲಿ ಬೆಳಕು ಹಗಲೂ ರಾತ್ರಿ ಒಂದೇ ಸಮ ಬೀಳುತ್ತದೆ. ಅದು ಬಿದ್ದಾಗ ಬಿಲಿರುಬಿನ್ ರೂಪ ಬದಲಾಗಿ, ಲಿವರಿಗೆ ಕಾಯದೆ ಉಚ್ಚೆ ಕಕ್ಕದಲ್ಲಿ ಹೊರಗೆ ಹೋಗುತ್ತದೆ.

ಕಣ್ಣಿಗೆ ಪಟ್ಟಿ ಕಟ್ಟಿ, ಡಯಾಪರ್ ಒಂದರಲ್ಲೇ ಮಲಗಿಸಿದ್ದು ನೋಡಿ ನಾನು ತುಂಬಾ ಅತ್ತೆ. ನಿಮಗೂ ಅಳು ಬರಬಹುದು. ಮಗುವಿಗೆ ಅದರಿಂದ ನೋವಿಲ್ಲ. ಎರಡು ಗಂಟೆಗೊಮ್ಮೆ ಎತ್ತಿ ಎದೆಹಾಲು ಕೊಡಿ, ಸಕ್ಕರೆ ನೀರು ಬೇಡ. ನನ್ನ ಮಗಳು ಎರಡನೇ ದಿನ ತಾನೇ ಎದ್ದು ಹಾಲಿಗೆ ಅತ್ತಳು.

ಹೊರಡುವಾಗ ತಾಯಿ ಕಾರ್ಡ್, ಮಗು ಹುಟ್ಟಿದ ಗಂಟೆ ಬರೆದಿರುವ ಡಿಸ್ಚಾರ್ಜ್ ಚೀಟಿ ಎರಡೂ ಇಟ್ಟುಕೊಳ್ಳಿ.